ವೈಯಾವೃತ್ಯ: ರೋಗಿಯ ಬಳಿ ಕುಳಿತವರ ಚರಿತ್ರೆ

ಷೋಡಶಕಾರಣ ಭಾವನೆಗಳಲ್ಲಿ ಒಂಬತ್ತನೆಯದು ವೈಯಾವೃತ್ಯಕರಣ. ಬಾಲ್ಯದಿಂದಲೂ ಭಾದ್ರಪದ ಮಾಸದಲ್ಲಿ ಬಸದಿಯಲ್ಲಿ ಇದನ್ನು ಪಠಿಸುತ್ತ ಬಂದಿದ್ದೇನೆ. ರೋಗಿಗಳ, ವೃದ್ಧರ, ತ್ಯಾಗಿಗಳ ಸೇವೆ ಎಂದು ಅರ್ಥವನ್ನೂ ಕಂಠಪಾಠ ಮಾಡಿದ್ದೆ. ಆದರೆ ಆ ಪದದೊಳಗೆ ಎಷ್ಟು ಕೆಲಸವಿದೆಯೆಂಬುದು ತಿಳಿದದ್ದು 1987ರಲ್ಲಿ, ಮಾನ್ವಿಯಲ್ಲಿ, ನಮ್ಮ ತಾಯಿಯವರ ಹಾಸಿಗೆಯ ಬಳಿ. ತಿಳಿಸಿದವರು ನಮ್ಮ ಸಮಾಜದವರಲ್ಲ; ಸರ್ಕಾರಿ ಸೇವೆಯಿಂದ ನಿವೃತ್ತರಾಗಿದ್ದ, ದೇವದುರ್ಗದ ಕಡೆಯ ಒಬ್ಬ ಕ್ರೈಸ್ತ ದಾದಿ.

ತಾಯಿಯವರಿಗೆ ಪಾರ್ಶ್ವವಾಯು ಬಡಿದು ಆಗ ಎರಡು ತಿಂಗಳಾಗಿತ್ತು. ನನಗೆ ಇಪ್ಪತ್ತೊಂಬತ್ತು ವರ್ಷ. ರಾಯಚೂರಿನ ಗಂಜಿನಲ್ಲಿ ಅಡತಿ ಅಂಗಡಿ, ಹತ್ತಿಯ ಹಂಗಾಮು. ವಾರಕ್ಕೆರಡು ಸಲ ಮಾನ್ವಿಗೆ ಹೋಗಿ ಬರುತ್ತಿದ್ದೆ. ಹಣಕ್ಕೆ ಕೊರತೆ ಇರಲಿಲ್ಲ. ಹೈದರಾಬಾದಿನಿಂದ ಔಷಧ ತರಿಸಿದೆವು, ಹೊಸ ಹತ್ತಿಯ ಗಾದಿ ಹೊಲಿಸಿದೆವು. ಆದರೂ ಬೆನ್ನಿನ ಕೆಳಭಾಗದಲ್ಲಿ ಅಂಗೈಯಗಲ ಹುಣ್ಣಾಯಿತು. ಮಾತು ಪೂರ್ತಿ ಹೋಗಿರಲಿಲ್ಲವಾದರೂ ತಾಯಿಯವರು ಮಾತನಾಡುವುದನ್ನೇ ಬಿಟ್ಟಿದ್ದರು. ನೋಡಲು ಬಂದ ಬಂಧುಗಳು ಬಾಗಿಲಲ್ಲಿ ನಿಂತು, ಇನ್ನೆಷ್ಟು ದಿನವೋ ಎಂದು ಪಿಸುಗುಟ್ಟಿ ಹೋಗುತ್ತಿದ್ದರು. ಆ ಪಿಸುಮಾತು ಹಾಸಿಗೆಯವರೆಗೆ ಕೇಳಿಸುತ್ತಿತ್ತೆಂದು ನಮಗೆ ಹೊಳೆಯಲಿಲ್ಲ.

ಆ ದಾದಿ ಬಂದವರು ಔಷಧದ ಶೀಶೆಗಳ ಕಡೆ ನೋಡಲೇ ಇಲ್ಲ. “ಸಾವ್ಕಾರ್ರೇ, ಎಷ್ಟು ತಾಸಿಗೊಮ್ಮೆ ಮಗ್ಗಲಾ ಬದಲಸ್ತೀರಿ?” ಎಂದು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ. ನನ್ನ ಕಿರ್ದಿ ಪುಸ್ತಕದಿಂದಲೇ ಒಂದು ಹಾಳೆ ಹರಿಸಿಕೊಂಡು, ಎರಡೆರಡು ತಾಸಿಗೆ ಗೆರೆ ಎಳೆದು, ಎಡ, ಬಲ, ಬೆನ್ನು ಎಂದು ಬರೆದು ಗೋಡೆಗೆ ಅಂಟಿಸಿದರು. ಮಗ್ಗುಲು ಬದಲಿಸಿದವರು ಅದರಲ್ಲಿ ಸಹಿ ಮಾಡಬೇಕು, ರಾತ್ರಿಯಾದರೂ ಸರಿ. ಅನಂತರ ತಾಯಿಯವರ ಕಿವಿಯ ಬಳಿ ಬಗ್ಗಿ, “ಅವ್ವಾ, ಇವತ್ತು ಯಾವ ತಿಥಿ? ನನಗ ಗೊತ್ತಾಗವಲ್ದು, ನೀನ ಹೇಳಬೇಕು” ಎಂದರು. ಅಷ್ಟಮಿ ಚತುರ್ದಶಿಗಳನ್ನು ಅರವತ್ತು ವರ್ಷ ತಪ್ಪದೆ ಪಾಲಿಸಿದ ಜೀವ ಅದು. ಮೂರನೆಯ ದಿನ ತೊದಲುತ್ತ ಉತ್ತರ ಬಂದಿತು, ತಿಥಿ ಸರಿಯಾಗಿತ್ತು. ಆ ಬಳಿಕ ಪ್ರತಿದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ತಾಯಿಯವರು ಇನ್ನೂ ಹದಿನಾಲ್ಕು ತಿಂಗಳು ನಮ್ಮೊಡನಿದ್ದು, ಣಮೋಕಾರ ಮಂತ್ರವನ್ನು ತಮ್ಮ ಬಾಯಿಂದಲೇ ಹೇಳುತ್ತ ದೇಹ ಬಿಟ್ಟರು.

ಆ ಹೆಣ್ಣುಮಗಳು ಮಾಡಿದ್ದರಲ್ಲಿ ಊಹೆಯ ಕೆಲಸ ಯಾವುದೂ ಇರಲಿಲ್ಲವೆಂದೂ, ಪ್ರತಿಯೊಂದರ ಹಿಂದೆಯೂ ಯಾರೋ ಎಣಿಸಿ, ತೂಗಿ, ಬರೆದಿಟ್ಟ ವಿದ್ಯೆಯಿತ್ತೆಂದೂ ನನಗೆ ತಿಳಿದದ್ದು ಬಹುಕಾಲದ ಮೇಲೆ. ಆ ವಿದ್ಯೆಯ ಚರಿತ್ರೆಯನ್ನು ಸಾಧರ್ಮಿ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಅದನ್ನು ನಮ್ಮ ಶಾಸ್ತ್ರಗಳಿಂದಲೇ ಆರಂಭಿಸಬೇಕಾಗುತ್ತದೆ.

ದಿಗಂಬರ ಶ್ವೇತಾಂಬರ ಸಂಪ್ರದಾಯಗಳೆರಡೂ ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸುತ್ತವೆ. ಪ್ರಾಯಶ್ಚಿತ್ತ, ಸ್ವಾಧ್ಯಾಯ, ಧ್ಯಾನಗಳ ಸಾಲಿನಲ್ಲಿ ಅದರ ಸ್ಥಾನ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಸೇವೆಗೆ ಅರ್ಹರಾದ ಹತ್ತು ಬಗೆಯವರನ್ನು ಹೆಸರಿಸುತ್ತದೆ. ಅವರಲ್ಲಿ ಗ್ಲಾನ, ಎಂದರೆ ರೋಗದಿಂದ ಬಳಲಿದವನು, ಪ್ರತ್ಯೇಕವಾಗಿ ಉಲ್ಲೇಖಿತನಾಗಿದ್ದಾನೆ. ಗೃಹಸ್ಥರಾದ ನಮಗೆ ಹೆಚ್ಚು ಸಂಬಂಧಿಸಿದ್ದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ. ಅಲ್ಲಿ ವೈಯಾವೃತ್ಯವೇ ನಾಲ್ಕನೆಯ ಶಿಕ್ಷಾವ್ರತ. ಸಂಯಮಿಗಳ ಸಂಕಟ ನಿವಾರಣೆ, ಪಾದಸಂವಾಹನ ಮೊದಲಾದವೆಲ್ಲ ಅದರೊಳಗೆ ಸೇರಿವೆ. ಆಹಾರ, ಔಷಧ, ಉಪಕರಣ, ಆವಾಸಗಳ ದಾನವನ್ನು ಆಚಾರ್ಯರು ಇದೇ ವ್ರತದ ನಾಲ್ಕು ರೂಪಗಳಾಗಿ ಹೇಳಿದ್ದಾರೆ. ಔಷಧದಾನವು ವೈಯಾವೃತ್ಯದ ಒಂದು ಭಾಗ ಎಂಬ ಈ ಕ್ರಮವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನಾವು ಔಷಧವನ್ನು ಉಳಿಸಿಕೊಂಡು ಮೂಲವನ್ನೇ ಮರೆತಂತೆ ತೋರುತ್ತದೆ.

ಅದೇ ಗ್ರಂಥ ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನನ್ನು ನಿದರ್ಶನವಾಗಿ ಕೊಡುತ್ತದೆ. ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ಅಲ್ಲಿಯೇ ವಾಂತಿ ಮಾಡಿದಾಗ, ದುರ್ಗಂಧಕ್ಕೆ ಪರಿವಾರದವರೆಲ್ಲ ಓಡಿದರು. ರಾಜನೂ ರಾಣಿ ಪ್ರಭಾವತಿಯೂ ಹೇಸದೆ ಮೈ ತೊಳೆದು ಉಪಚರಿಸಿದರು. ಇದನ್ನು ಭಕ್ತಿಯ ಕಥೆಯೆಂದು ಕೇಳುತ್ತ ಬಂದಿದ್ದೇವೆ. ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಇದು ಶುಶ್ರೂಷೆಯ ಕಥೆಯೆಂದು ತಾನಾಗಿಯೇ ತಿಳಿಯುತ್ತದೆ.

ಆದರೆ ಈ ವಿಷಯದಲ್ಲಿ ನನ್ನನ್ನು ಬೆರಗುಗೊಳಿಸಿದ ಗ್ರಂಥ ಶಿವಾರ್ಯರ ಭಗವತೀ ಆರಾಧನೆ. ನಮ್ಮ ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲಾಧಾರವಾದದ್ದು ಇದೇ ಪರಂಪರೆ. ಸಲ್ಲೇಖನ ಕೈಗೊಂಡ ಕ್ಷಪಕನ ಬಳಿ ಇರಬೇಕಾದ ನಿರ್ಯಾಪಕರ ಸಂಖ್ಯೆಯನ್ನು ಅದು 48 ಎಂದು ನಿಗದಿ ಮಾಡಿ, ನಾಲ್ಕು ನಾಲ್ಕು ಜನರಿಗೆ ಒಂದೊಂದು ಕೆಲಸವನ್ನು ಹಂಚುತ್ತದೆ. ನಾಲ್ವರು ಎಬ್ಬಿಸುವುದು, ಕೂಡಿಸುವುದು, ಮಗ್ಗುಲು ಬದಲಿಸುವುದು, ಮೈ ಒತ್ತುವುದನ್ನು ಮಾಡಬೇಕು. ನಾಲ್ವರು ಮನಸ್ಸು ಚಂಚಲವಾಗದಂತೆ ಧರ್ಮಕಥೆ ಹೇಳಬೇಕು. ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು, ಮಲಮೂತ್ರ ತೆಗೆದು ಹಾಸಿಗೆ ಶುದ್ಧಿಗೊಳಿಸಲು ನಾಲ್ವರು, ರಾತ್ರಿ ಜಾಗರಣೆಗೆ ನಾಲ್ವರು, ಬಾಗಿಲಲ್ಲಿ ನಿಂತು ಬರುವವರನ್ನು ತಡೆಯಲು ನಾಲ್ವರು. ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಇಬ್ಬರಿಗಿಂತ ಕಡಿಮೆ ಆಗಕೂಡದು. ಸಲ್ಲೇಖನ ರೋಗಚಿಕಿತ್ಸೆಯಲ್ಲ, ಅದು ವ್ರತ, ಎರಡನ್ನೂ ಬೆರೆಸಬಾರದು. ಆದರೂ ಏಳಲಾರದ ದೇಹಕ್ಕೆ ಏನೇನು ಬೇಕು, ಅಂಥ ದೇಹದೊಳಗಿನ ಮನಸ್ಸಿಗೆ ಏನು ಬೇಕು ಎಂಬುದನ್ನು ಒಂದೇ ಪಟ್ಟಿಯಲ್ಲಿ ಹೀಗೆ ಬರೆದಿಟ್ಟವರು ವಿರಳ. ಬಾಗಿಲಲ್ಲಿ ನಿಲ್ಲುವ ನಾಲ್ವರನ್ನು ಓದಿದಾಗ, ನಮ್ಮ ಮಾನ್ವಿಯ ಮನೆಯ ಬಾಗಿಲಲ್ಲಿ ಪಿಸುಗುಟ್ಟಿದ ಬಂಧುಗಳು ನೆನಪಾದರು.

ಈ ಗ್ರಂಥ ನಮ್ಮ ಸೀಮೆಗೆ ದೂರದ್ದೇನಲ್ಲ. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳ, ಶಾಸನಗಳ ಕೊಪಣ ಮಹಾತೀರ್ಥ, ಸಮಾಧಿಮರಣದ ಸ್ಥಳವಾಗಿ ಪ್ರಸಿದ್ಧ. ವರಾಂಗಚರಿತೆಯ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಅಲ್ಲಿಯ ಬೆಟ್ಟದ ಬಂಡೆಯ ಬರಹ ತಿಳಿಸುತ್ತದೆ. ಕೊಪಣದಲ್ಲಿ ದೇಹವಿಟ್ಟವರ ಹೆಸರು ಕಲ್ಲಿನಲ್ಲಿ ಉಳಿದಿವೆ. ಅವರ ಮಗ್ಗುಲು ಬದಲಿಸಿದವರ ಹೆಸರನ್ನು ಯಾರೂ ಕೆತ್ತಿಸಲಿಲ್ಲ.

ವೈದ್ಯಶಾಸ್ತ್ರವೂ ಪರಿಚಾರಕನನ್ನು ಮರೆತಿಲ್ಲ. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಇರಬೇಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಜೈನ ವೈದ್ಯಗ್ರಂಥಗಳ ವಿಚಾರ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು, ಇಲ್ಲಿ ಮುಂದುವರಿಯುತ್ತೇನೆ. ಶುಶ್ರೂಷೆ ಎಂಬ ಪದದ ಮೂಲಾರ್ಥ ಮಾತ್ರ ಗಮನಿಸತಕ್ಕದ್ದು. ಕೇಳಬೇಕೆಂಬ ಇಚ್ಛೆ ಎಂದು ಅದರ ಅರ್ಥ. ರೋಗಿಯ ಮಾತಿಗೆ ಕಿವಿಗೊಡುವುದೇ ಸೇವೆಯ ಆರಂಭವೆಂದು ಭಾಷೆಯೇ ಹೇಳಿದಂತಿದೆ.

ಶಾಸ್ತ್ರ ಹೇಳಿದ್ದನ್ನು ಎಣಿಸಿ ತೋರಿಸುವ ಕೆಲಸ ಆಧುನಿಕ ಕಾಲದಲ್ಲಿ ನಡೆಯಿತು. ಲೆಕ್ಕದ ಮನುಷ್ಯನಾದ ನನಗೆ ಫ್ಲಾರೆನ್ಸ್ ನೈಟಿಂಗೇಲ್ ಪ್ರಿಯರಾಗಲು ಇದೇ ಕಾರಣ. ದೀಪ ಹಿಡಿದ ಮಹಿಳೆಯೆಂಬ ಚಿತ್ರವನ್ನು ಶಾಲೆಯಲ್ಲಿ ನೋಡಿದ್ದೆವು; ಅವರು ಕೈಯಲ್ಲಿ ಖಾತೆ ಪುಸ್ತಕ ಹಿಡಿದಿದ್ದರೆಂದು ಯಾರೂ ಹೇಳಿರಲಿಲ್ಲ. ಕ್ರಿಮಿಯನ್ ಯುದ್ಧದ ಸ್ಕುಟಾರಿ ಆಸ್ಪತ್ರೆಯಲ್ಲಿ 1855ರ ಫೆಬ್ರವರಿಯಲ್ಲಿ ಶೇ. 42.7ರಷ್ಟಿದ್ದ ಮರಣ ಪ್ರಮಾಣ, ಚರಂಡಿ ಶುದ್ಧಿ, ಗಾಳಿ, ನೀರು, ಆಹಾರಗಳ ಸುಧಾರಣೆಯಾದ ಮೇಲೆ ಜೂನ್ ವೇಳೆಗೆ ಶೇ. 2.2ಕ್ಕೆ ಇಳಿಯಿತು. ಈ ಅಂಕಿಗಳನ್ನು ಚಿತ್ರಪಟವಾಗಿ ಬರೆದು ಅವರು ಸರ್ಕಾರದ ಮುಂದಿಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆಯೂ ಅವರೇ. ಮರುವರ್ಷ ಶುಶ್ರೂಷೆಯ ಮೇಲೆ ಬರೆದ ಚಿಕ್ಕ ಪುಸ್ತಕದಲ್ಲಿ ಬೆಳಕು, ಗಾಳಿಗಳಷ್ಟೇ ಮಹತ್ತ್ವವನ್ನು ಸದ್ದಿಗೆ ಕೊಟ್ಟಿದ್ದಾರೆ. ರೋಗಿಯ ಕೋಣೆಯಲ್ಲಾಗಲಿ ಬಾಗಿಲ ಹೊರಗಾಗಲಿ ಅವನ ಬಗ್ಗೆ ಪಿಸುಮಾತನಾಡುವುದು ಕ್ರೌರ್ಯವೆಂದು ಅವರ ಅಭಿಪ್ರಾಯ. ಅಹಿಂಸೆಯ ಸೂಕ್ಷ್ಮ ವಿವೇಚನೆ ಮಾಡುವ ನಾವು ಇದನ್ನು ಹಿಂಸೆಯ ಯಾವ ಭೇದದಲ್ಲಿ ಸೇರಿಸುತ್ತೇವೆ?

ನಮ್ಮ ದೇಶದಲ್ಲಿ ಈ ವಿದ್ಯೆ ನಿಧಾನವಾಗಿ ಬೇರೂರಿತು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಆಗ 6,000 ಜನಕ್ಕೊಬ್ಬ ವೈದ್ಯರಿದ್ದರೆ, 43,000 ಜನಕ್ಕೊಬ್ಬ ನರ್ಸ್ ಇದ್ದರು. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಶುಶ್ರೂಷೆಯ ಪದವಿ ಶಿಕ್ಷಣ ಆರಂಭವಾಯಿತು; 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು.

ಇಂಗ್ಲೆಂಡಿನಲ್ಲಿ ಡೋರೀನ್ ನಾರ್ಟನ್ ಎಂಬ ನರ್ಸ್ ಸಹೋದ್ಯೋಗಿಗಳೊಡನೆ ವೃದ್ಧ ರೋಗಿಗಳ ಹಾಸಿಗೆ ಹುಣ್ಣನ್ನು ಅಭ್ಯಸಿಸಿ 1962ರಲ್ಲಿ ವರದಿ ಪ್ರಕಟಿಸಿದರು. ಚರ್ಮಕ್ಕೆ ಸವರುತ್ತಿದ್ದ ನಾನಾ ಲೇಪಗಳಿಂದ ಪ್ರಯೋಜನ ಕಾಣಲಿಲ್ಲ. ತಪ್ಪದೆ ಮಗ್ಗುಲು ಬದಲಿಸಿ ಒತ್ತಡ ತಪ್ಪಿಸಿದುದರಿಂದ ಕಂಡಿತು. ಯಾರಿಗೆ ಹುಣ್ಣಾಗುವ ಅಪಾಯವಿದೆಯೆಂದು ಮೊದಲೇ ತಿಳಿಯಲು ಅವರು ಮಾಡಿದ ಅಳತೆಗೋಲಿನಲ್ಲಿ ಐದು ಅಂಶಗಳಿವೆ: ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಮಲಮೂತ್ರಗಳ ಹಿಡಿತ. ಒಟ್ಟು 20 ಅಂಕ. 14 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಾಯ. ಚರ್ಮದ ಹುಣ್ಣಿನ ಅಳತೆಯಲ್ಲಿ ಮನಸ್ಸಿಗೆ ಸ್ಥಾನ ಕೊಟ್ಟದ್ದನ್ನು ಗಮನಿಸಬೇಕು. ನಮ್ಮ ದಾದಿಯವರು ಗೋಡೆಗೆ ಹಚ್ಚಿದ ಹಾಳೆಯೂ, ತಿಥಿಯ ಪ್ರಶ್ನೆಯೂ ಎಲ್ಲಿಂದ ಬಂದವೆಂದು ಇದನ್ನು ಓದಿದಾಗ ನನಗೆ ಅರ್ಥವಾಯಿತು. 1962ರಲ್ಲಿ ಅಚ್ಚಾದ ತಿಳಿವಳಿಕೆ ಮಾನ್ವಿಯ ಸಾಹುಕಾರನ ಮನೆಗೆ ತಲುಪಲು 25 ವರ್ಷ ಬೇಕಾಯಿತು.

ಮನಸ್ಸಿನ ಕಡೆಗೂ ಸಂಶೋಧನೆ ಹೊರಳಿತು. ಯಾವ ರೋಗಿಗಳು ನರ್ಸುಗಳಿಗೆ ಬೇಡವಾಗುತ್ತಾರೆಂದು ಫೆಲಿಸಿಟಿ ಸ್ಟಾಕ್‌ವೆಲ್ 1972ರಲ್ಲಿ ಧೈರ್ಯವಾಗಿ ಬರೆದರು. ಪರದೇಶದವರು, ಬಹುದಿನ ಉಳಿದವರು, ಸದಾ ಗೊಣಗುವವರು ಆ ಪಟ್ಟಿಯಲ್ಲಿದ್ದರು. ತಮ್ಮ ವೃತ್ತಿಯ ದೋಷವನ್ನು ತಾವೇ ಅಳೆದು ಅಚ್ಚು ಹಾಕಿಸುವುದು ಪ್ರತಿಕ್ರಮಣಕ್ಕೆ ಸಮಾನವಾದ ಕೆಲಸವೆಂದು ನನ್ನ ಭಾವನೆ. 1975ರಲ್ಲಿ ಜ್ಯಾಕ್ ಹೇವರ್ಡ್, ಶಸ್ತ್ರಚಿಕಿತ್ಸೆಗೆ ಮುಂಚೆ ಏನಾಗುವುದೆಂದು ಬಿಡಿಸಿ ಹೇಳಿದರೆ ರೋಗಿಯ ಕಳವಳವೂ ನೋವುಶಾಮಕಗಳ ಅಗತ್ಯವೂ ಕಡಿಮೆಯಾಗುವುದೆಂದು ತೋರಿಸಿದರು.

ಇಷ್ಟೆಲ್ಲ ಪರದೇಶದ ಮಾತಾಯಿತು. ಕರ್ನಾಟಕದಲ್ಲಿಯೇ ನಡೆದ ಒಂದು ಅಧ್ಯಯನ ನಮ್ಮವರಿಗೆ ಹೆಚ್ಚು ತಿಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಆರ್. ಎಲ್. ಕಪೂರ್, ಕರಾವಳಿಯ ಕೋಟ ಗ್ರಾಮದಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಸಿ 1976ರಲ್ಲಿ ಕಾರ್‌ಸ್ಟೇರ್ಸ್ ಅವರೊಡನೆ ಗ್ರಂಥ ಬರೆದವರು. ಅವರೂ ಶೈಲಾ ಪೈ ಅವರೂ ಕೂಡಿ, ಮನೋರೋಗಿಯಿಂದ ಮನೆಯವರ ಮೇಲೆ ಬೀಳುವ ಹೊರೆಯನ್ನು ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ಪ್ರಕಟಿಸಿದರು. ಹಣದ ಹೊರೆ, ದಿನಚರಿಯ ಕೆಡುಕು, ವಿರಾಮದ ನಷ್ಟ, ಮನೆಯವರ ಪರಸ್ಪರ ಸಂಬಂಧ, ಅವರ ದೇಹಾರೋಗ್ಯ, ಮಾನಸಿಕ ಆರೋಗ್ಯ ಎಂದು ಆರು ವಿಭಾಗಗಳು. ಅನಂತರ ಸ್ಕಿಜೋಫ್ರೇನಿಯಾ ರೋಗಿಗಳ ಎರಡು ಗುಂಪು ಮಾಡಿದರು. ಒಂದೊಂದರಲ್ಲಿ 27 ಜನ. ಒಂದು ಗುಂಪಿಗೆ ಆಸ್ಪತ್ರೆಯ ವಾಸ. ಇನ್ನೊಂದು ಗುಂಪಿನವರು ಮನೆಯಲ್ಲಿಯೇ ಉಳಿದರು. ನರ್ಸ್ ಮನೆಗೆ ಹೋಗಿ ಬರುತ್ತಿದ್ದರು. ಆರು ತಿಂಗಳ ಮೇಲೆ ನೋಡಿದರೆ, ಮನೆಯಲ್ಲಿದ್ದವರ ರೋಗಲಕ್ಷಣಗಳು ಹೆಚ್ಚು ಇಳಿದಿದ್ದವು, ನಾಲ್ಕು ಜನರೊಡನೆ ಬೆರೆಯುವುದು ಸುಧಾರಿಸಿತ್ತು, ಮನೆಯವರ ಹೊರೆ ಬಹಳ ತಗ್ಗಿತ್ತು. ಖರ್ಚೂ ಕಡಿಮೆ! 1982 ಮತ್ತು 1983ರಲ್ಲಿ ಇದು ವಿದೇಶದ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದೇ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ, 1996ರಿಂದ ದೇಶದಲ್ಲಿ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಎಷ್ಟು ರೋಗಿಗಳಿಗೆ ಎಷ್ಟು ನರ್ಸುಗಳೆಂಬ ಪ್ರಶ್ನೆಗೂ ಅಂಕಿಯ ಉತ್ತರ ಬಂದಿದೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿದ ಲಿಂಡಾ ಐಕನ್ ಅವರ ತಂಡ 2002ರಲ್ಲಿ ಪ್ರಕಟಿಸಿದಂತೆ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗ, ಶಸ್ತ್ರಚಿಕಿತ್ಸೆಯ ಬಳಿಕ 30 ದಿನಗಳೊಳಗಿನ ಮರಣದ ಸಂಭವ ಶೇ. 7ರಷ್ಟು ಏರುತ್ತದೆ. ಭಗವತೀ ಆರಾಧನೆಯ “ಇಬ್ಬರಿಗಿಂತ ಕಡಿಮೆ ಆಗಕೂಡದು” ಎಂಬ ವಿಧಿಯನ್ನು ಇದರ ಪಕ್ಕದಲ್ಲಿಟ್ಟು ನಾನು ಆಗಾಗ ಓದಿಕೊಳ್ಳುವುದುಂಟು.

ಇನ್ನು ನಮ್ಮ ಊರಿನ ಮಾತು. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ನರ್ಸಿಂಗ್ ಕಾಲೇಜುಗಳೂ ಇವೆ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನೂ ಮೀರಿತು. ಆ ಚಪ್ಪರದಲ್ಲಿ ನಾನೂ ಕುಳಿತಿದ್ದೇನೆ. ಬೇಡಿಕೆ ನ್ಯಾಯವಾದುದೇ. ಆದರೆ ದೇವದುರ್ಗ, ಮಾನ್ವಿಗಳಿಂದ ಬಸ್ಸಿನಲ್ಲಿ ಬರುವ ರೋಗಿಯೊಡನೆ ಬುತ್ತಿ, ಚಾಪೆ ಹೊತ್ತು ಬರುವ ಮಗಳನ್ನೋ ಸೊಸೆಯನ್ನೋ ನೋಡಿದಾಗ ಬೇರೊಂದು ಯೋಚನೆ ಬರುತ್ತದೆ. ಮನೆಗೆ ಮರಳಿದ ಮೇಲೆ ನರ್ಸ್, ನಿರ್ಯಾಪಕ ಎಲ್ಲವೂ ಅವಳೇ. ಕನ್ನಡ, ತೆಲುಗು, ಉರ್ದು ಮೂರೂ ನಡೆಯುವ ನಮ್ಮ ನಾಡಿನಲ್ಲಿ, ಅವಳ ಭಾಷೆಯಲ್ಲಿ ಕಾಲು ತಾಸು ಬಿಡಿಸಿ ಹೇಳುವವರು ಬೇಕು. 2020ರ ಕೊರೋನಾ ಕಾಲದಲ್ಲಿ ಆ ಮಗಳನ್ನೂ ಹೊರಗೆ ನಿಲ್ಲಿಸಬೇಕಾಯಿತು. ಒಳಗೆ ಒಂಟಿಯಾದವರಿಗೆ ಮುಖ ಮುಚ್ಚಿದ ನರ್ಸೇ ಬಂಧುವಾದುದನ್ನು ನಮ್ಮಲ್ಲಿ ಅನೇಕ ಕುಟುಂಬಗಳು ಬಲ್ಲವು.

ಇಲ್ಲಿ ನನ್ನದೊಂದು ಆಲೋಚನೆಯನ್ನು, ಎಂದರೆ ಆಲೋಚನಾದೋಷದ ಅರಿಕೆಯನ್ನು, ಬರೆಯಲೇಬೇಕು. 1999ರಲ್ಲಿ ನಮ್ಮ ಭಾಗದ ಒಂದು ನಿಧಿಯ ಸಭೆಯಲ್ಲಿ ಹಿರಿಯರೊಬ್ಬರು, ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ, ಜಾತಿಮತ ನೋಡದೆ, ವಾರಕ್ಕೊಮ್ಮೆ ಹೋಗಿ ಬರಲು ಒಬ್ಬ ನರ್ಸನ್ನು ಸಂಬಳ ಕೊಟ್ಟು ನೇಮಿಸೋಣ ಎಂದರು. ನಾನು ಖಜಾಂಚಿ. ಸಂಬಳವು ಆವರ್ತಕ ವೆಚ್ಚ, ವರ್ಷದ ಕೊನೆಗೆ ಆಸ್ತಿಯೆಂದು ತೋರಿಸಲು ಏನೂ ಉಳಿಯುವುದಿಲ್ಲ ಎಂದು ವಾದಿಸಿದೆ. ಬಿ.ಕಾಂ. ಓದಿದವನ ಮಾತಿಗೆ ಸಭೆ ತಲೆದೂಗಿತು. ಅದರ ಬದಲು ಹತ್ತು ಕಬ್ಬಿಣದ ಮಂಚಗಳನ್ನು ಕೊಂಡೆವು. ಒಂದರ ಮೇಲೆ ನಮ್ಮ ತಂದೆಯವರ ಹೆಸರು ಬರೆಯಿಸಿದೆ. ಮಾನ್ವಿಯ ಗೋಡೆಯ ಹಾಳೆ ಕಂಡು ಆಗ ಹನ್ನೆರಡೇ ವರ್ಷ ಕಳೆದಿದ್ದವು.

ಎರಡು ವರ್ಷಗಳ ಬಳಿಕ ಆ ಹಿರಿಯರೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನೋಡಲು ದೇವದುರ್ಗಕ್ಕೆ ಹೋದೆ. ಅವರು ಮಲಗಿದ್ದುದು ನಮ್ಮ ತಂದೆಯವರ ಹೆಸರಿನ ಮಂಚದ ಮೇಲೆ. ಹೊದಿಕೆ ಸರಿಸಿದಾಗ, ತಾಯಿಯವರಿಗೆ ಆಗಿದ್ದ ಜಾಗದಲ್ಲಿಯೇ ಅಂಥದೇ ಹುಣ್ಣು. ಅವರು ನನ್ನನ್ನು ಏನೂ ಕೇಳಲಿಲ್ಲ. ಎಷ್ಟು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತೀರಿ ಎಂದು ಅವರ ಸೊಸೆಯನ್ನು ನಾನು ಕೇಳಿದೆ. ಆ ತಂಗಿ ಹದಿನಾಲ್ಕು ವರ್ಷಗಳ ಹಿಂದೆ ನಾನು ನೋಡಿದಂತೆಯೇ ನನ್ನ ಮುಖ ನೋಡಿದಳು.

ಈ ಸಲದ ವಾರ್ಷಿಕ ಸಭೆಗೆ ಅದೇ ಪ್ರಸ್ತಾವವನ್ನು ನಾನೇ ಬರೆದು ಕೊಟ್ಟಿದ್ದೇನೆ. ಒಬ್ಬ ನರ್ಸಿನ ವರ್ಷದ ಸಂಬಳ, ಮೂರು ಊರುಗಳ ಬಸ್ ಪ್ರಯಾಣ, ಹತ್ತಿ, ಬಟ್ಟೆ, ಮನೆಯವರಿಗೆ ಕೊಡಲು ಗೆರೆ ಎಳೆದ ಹಾಳೆಗಳು. ನಿಧಿಯ ಖಾತೆಯಲ್ಲಿ ಆಹಾರದಾನ, ಔಷಧದಾನ, ಶಾಸ್ತ್ರದಾನ ಎಂಬ ಶೀರ್ಷಿಕೆಗಳಿದ್ದವು. ಈ ವೆಚ್ಚವನ್ನು ಬರೆಯಲು ತಕ್ಕ ಶೀರ್ಷಿಕೆ ಇರಲಿಲ್ಲ. ಹೊಸ ಪುಟ ತೆಗೆದು ವೈಯಾವೃತ್ಯ ಎಂದು ಬರೆದಿದ್ದೇನೆ. ಎದುರಿನ ಆಸ್ತಿಯ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ. ಸಭೆಯಲ್ಲಿ ಯಾರಾದರೂ ಅದರ ಬಗ್ಗೆ ಕೇಳಿದರೆ ತೋರಿಸಲೆಂದು ಮಾನ್ವಿಯ ಆ ಹಳೆಯ ಹಾಳೆಯನ್ನು ಅದೇ ಪುಟದಲ್ಲಿ ಮಡಿಸಿ ಇಟ್ಟಿದ್ದೇನೆ.